ಹಿಡಿಗೆ ಸುತ್ತಿದ ದಾರ

ಕಳೆದ ವರ್ಷ ನಮ್ಮ ತರವಾಡಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಸ್ತಾಪ ಬಂತು. ಕಾಸರಗೋಡಿನ ಕಡೆಯ ನಮ್ಮ ಮನೆಯ ಭಂಡಾರದಲ್ಲಿ ದೈವದ ಎರಡು ಕಡ್ಸಲೆಗಳಿವೆ. ವರ್ಷಕ್ಕೊಮ್ಮೆ ನೇಮಕ್ಕೆ ಮುಂಚೆ ಅವನ್ನು ಹೊರಗೆ ತೆಗೆದು, ತಿಕ್ಕಿ ತೊಳೆದು, ಹಿಡಿಯ ಹಳೆಯ ಬಟ್ಟೆ ಬಿಚ್ಚಿ, ಹೊಸ ಕೆಂಪು ಬಟ್ಟೆ ಸುತ್ತಿ ದಾರ ಬಿಗಿಯುವುದು ಪದ್ಧತಿ. ಬಟ್ಟೆ ತಂದು ಸುತ್ತುತ್ತಿದ್ದವರು ಊರಿನ ಮಡಿವಾಳರ ಮನೆಯ ಹಿರಿಯರು. ಅವರು ತೀರಿಕೊಂಡರು. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಬರಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದ. ಹಾಗಾಗಿ ಚಿಕ್ಕಪ್ಪ ಬರೆದಿದ್ದರು: ‘ಹಿಡಿಗೆ ಹಿತ್ತಾಳೆಯ ಎರಕ ಹಾಕಿಸಿಬಿಡೋಣ. ಸುತ್ತಿದ ಹಾಗೆಯೇ ಕಾಣುವಂತೆ ಗೆರೆ ಕೊರೆದು ಕೊಡುತ್ತಾರಂತೆ. ಒಂದೇ ಸಲದ ಖರ್ಚು.’

ಹೆಬ್ಬೆರಳು ಎತ್ತಿದ ಚಿತ್ರ ಹಾಕಿದವರಲ್ಲಿ ನಾನೇ ಮೊದಲಿಗ. ಪ್ರಾಜೆಕ್ಟ್ ನಿಭಾಯಿಸಿ ಹೊಟ್ಟೆ ಹೊರೆಯುವವನಿಗೆ ‘ಒಂದೇ ಸಲದ ಖರ್ಚು’ ಎನ್ನುವುದಕ್ಕಿಂತ ಇಂಪಾದ ಮಾತು ಇನ್ನೊಂದಿಲ್ಲ. ಪ್ರತಿ ವರ್ಷ ಮರುಕಳಿಸುವ ಕೆಲಸವನ್ನು ಇಲ್ಲವಾಗಿಸುವುದೇ ನಾವು ಕಲಿತ ವಿದ್ಯೆ.

ಆ ಅಭಿಪ್ರಾಯ ಬದಲಾದದ್ದು ಕೊಚ್ಚಿಯ ಮೀನು ಬಂದರಿನಲ್ಲಿ. ನಮ್ಮ ಜಪಾನೀ ಗ್ರಾಹಕರ ಕಡೆಯ ಒಬ್ಬ ಹಿರಿಯ ಎಂಜಿನಿಯರ್ ಕೆಲಸದ ಮೇಲೆ ಬಂದಿದ್ದರು. ಬಿಡುವಿನ ದಿನ ಎಲ್ಲಿಗೆ ಹೋಗೋಣ ಎಂದರೆ, ಚೀನೀ ಬಲೆಗಳನ್ನು ನೋಡಿಯಾಯಿತು, ಮೀನು ಇಳಿಸುವ ಜಾಗ ತೋರಿಸಿ ಎಂದರು. ಬೆಳಗಿನ ಜಾವ ತೋಪ್ಪುಂಪಡಿಗೆ ಹೋದೆವು. ಸಿಮೆಂಟು ನೆಲದ ಮೇಲೆ ದೊಡ್ಡ ದೊಡ್ಡ ತಿರಂಡಿಗಳನ್ನು ಹರಡಿದ್ದರು. ನಮ್ಮ ಕಡೆ ತೊರಕೆ ಎನ್ನುತ್ತೇವೆ. ಚಪ್ಪಟೆ ಮೈ, ಚಾಟಿಯಂಥ ಬಾಲ. ಅವರು ಒಂದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅದರ ಬೆನ್ನ ಮೇಲೆ ಬೆರಳಾಡಿಸಿದರು. ‘ಇದು ನನ್ನ ಕತ್ತಿಯ ಹಿಡಿಯಲ್ಲಿದೆ’ ಎಂದರು. ಅವರು ಮೂವತ್ತು ವರ್ಷಗಳಿಂದ ಇಯಾಯ್‌ದೊ, ಅಂದರೆ ಕತ್ತಿಯನ್ನು ಒರೆಯಿಂದ ಎಳೆಯುವ ವಿದ್ಯೆ, ಅಭ್ಯಾಸ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗಲೇ.

ತೊರಕೆಯ ಬೆನ್ನಿನ ಚರ್ಮ ಮುಟ್ಟಿದವರಿಗೆ ಗೊತ್ತು, ಅದು ಸಾಣೆ ಕಾಗದದಂತಿರುತ್ತದೆ. ಮೈತುಂಬ ಸಾಬಕ್ಕಿಯಂಥ ಗಂಟುಗಳು, ನಡುವೆ ಬೆನ್ನುಗೆರೆಯ ಮೇಲೆ ಮುತ್ತಿನ ಗಾತ್ರದ ಕೆಲವು ದೊಡ್ಡ ಕಾಳುಗಳು. ಈ ಗಂಟುಗಳು ನಮ್ಮ ಹಲ್ಲಿನಂಥದೇ ವಸ್ತುವಿನಿಂದ ಆದವು. ಒಣಗಿಸಿದ ಚರ್ಮ ಕಲ್ಲಿನಷ್ಟು ಗಟ್ಟಿ. ಜಪಾನೀಯರು ಇದನ್ನು ಸಾಮೆ ಎನ್ನುತ್ತಾರೆ. ಕತ್ತಿಯ ಮರದ ಹಿಡಿಯ ಮೇಲೆ ಮೊದಲು ಈ ಚರ್ಮ, ಅದರ ಮೇಲೆ ದಾರದ ಸುತ್ತು. ಒರಟು ಗಂಟುಗಳ ಮೇಲೆ ಬಿಗಿದ ದಾರ ಜಾರುವುದಿಲ್ಲ. ದಾರದ ಮೇಲೆ ಬಿಗಿದ ಕೈಯೂ ಜಾರುವುದಿಲ್ಲ.

ಒಳ್ಳೆಯ ಸಾಮೆ ಜಪಾನಿನ ಕಡಲಿನಲ್ಲಿ ಸಿಗುತ್ತಿರಲಿಲ್ಲ. ದಪ್ಪ ಕಾಳಿನ ಚರ್ಮವುಳ್ಳ ಜಾತಿಗಳು ಹಿಂದೂ ಮಹಾಸಾಗರದ ಮತ್ತು ಆಗ್ನೇಯ ಏಷ್ಯಾದ ಬೆಚ್ಚನೆಯ ನೀರಿನವು. ಆದ್ದರಿಂದ ಅದು ಹಡಗಿನಲ್ಲಿ ಹೋಗಬೇಕಿತ್ತು. 17ನೇ ಶತಮಾನದಲ್ಲಿ ಆ ಹಡಗುಗಳು ಬಹುಪಾಲು ಡಚ್ ಈಸ್ಟ್ ಇಂಡಿಯಾ ಕಂಪನಿಯವು ಮತ್ತು ಚೀನೀ ವರ್ತಕರವು. ಸಯಾಮಿನ ಅಯುತ್ಥಯಾದಿಂದ ಡಚ್ಚರು ಜಿಂಕೆಯ ಚರ್ಮ ಮತ್ತು ತೊರಕೆಯ ಚರ್ಮವನ್ನು ನಾಗಸಾಕಿಗೆ ಸಾಗಿಸುತ್ತಿದ್ದರು. ಬಂಗಾಳದ ಕಚ್ಚಾ ರೇಷ್ಮೆಯನ್ನೂ ಒಯ್ಯುತ್ತಿದ್ದರು. 1641ರಿಂದ ಜಪಾನಿನಲ್ಲಿ ಅವರಿಗೆ ಕಾಲಿಡಲು ಅನುಮತಿ ಇದ್ದದ್ದು ನಾಗಸಾಕಿಯ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಮಾತ್ರ. ಇದೇ ಕಂಪನಿ 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡು 1795ರವರೆಗೆ ಇಟ್ಟುಕೊಂಡಿತು. ಫೋರ್ಟ್ ಕೊಚ್ಚಿಯ ಬೀದಿಗಳಲ್ಲಿ ನಾವು ವಾರಾಂತ್ಯಕ್ಕೆ ಕಾಫಿ ಕುಡಿಯುತ್ತ ನೋಡುವ ಡಚ್ ಗೋಡೆಗಳು ಮತ್ತು ದೆಜಿಮಾದ ಗೋದಾಮುಗಳು ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳು. ಒಬ್ಬ ಸಮುರಾಯ್ ಹಿಡಿದ ಹಿಡಿಯಲ್ಲಿ ಮರ ಮತ್ತು ಬಿದಿರು ಮಾತ್ರ ಅವನ ಊರಿನವು. ಚರ್ಮ ನಮ್ಮ ಕಡೆಯ ನೀರಿನದು ಎಂದರೆ ಹೆಚ್ಚು ತಪ್ಪಾಗದು.

ಈಗ ಆ ಹಿಡಿಯನ್ನು ಬಿಚ್ಚಿ ನೋಡೋಣ, ಏಕೆಂದರೆ ಅದು ಬಿಚ್ಚಲೆಂದೇ ಮಾಡಿದ ಹಿಡಿ. ಹಿಡಿಗೆ ತ್ಸುಕಾ ಎಂದು ಹೆಸರು. ಹೊನೋಕಿ ಎಂಬ ಮೆದು ಮರವನ್ನು ಎರಡು ಹೋಳಾಗಿ ಸೀಳಿ, ಅಲಗಿನ ಬಾಲಕ್ಕೆ ಸರಿಯಾಗಿ ಒಳಗನ್ನು ಕೊರೆದು, ಅನ್ನದ ಅಂಟಿನಿಂದ ಮತ್ತೆ ಕೂಡಿಸುತ್ತಾರೆ. ಮೇಲೆ ಸಾಮೆ. ಅದರ ಮೇಲೆ ಸುಮಾರು ನಾಲ್ಕು ಮೀಟರ್ ಉದ್ದದ, ಒಂದು ಸೆಂಟಿಮೀಟರ್ ಆಸುಪಾಸಿನ ಅಗಲದ ಚಪ್ಪಟೆ ಹೆಣಿಗೆ ದಾರ. ಅದು ರೇಷ್ಮೆಯದಾಗಬಹುದು, ಹತ್ತಿಯದಾಗಬಹುದು, ಜಿಂಕೆಯ ಚರ್ಮದ್ದಾಗಬಹುದು. ದಾರದ ಎರಡು ತುದಿಗಳು ಹಿಡಿಯ ಎರಡೂ ಮಗ್ಗುಲುಗಳಲ್ಲಿ ಒಂದನ್ನೊಂದು ದಾಟುತ್ತ ಹೋದಂತೆ ನಡುವೆ ವಜ್ರಾಕಾರದ ಕಿಂಡಿಗಳು ಉಳಿಯುತ್ತವೆ, ಅವುಗಳಲ್ಲಿ ಬಿಳಿಯ ಸಾಮೆ ಇಣುಕುತ್ತದೆ. ಪ್ರತಿ ದಾಟಿನ ಕೆಳಗೆ ಕಾಗದದ ಸಣ್ಣ ತ್ರಿಕೋನ ಬೆಣೆಗಳನ್ನು ತುರುಕುತ್ತಾರೆ, ಕಿಂಡಿಯ ಆಕಾರ ಕುಸಿಯದಿರಲಿ ಎಂದು. ಒಂದು ದಾಟಿನಲ್ಲಿ ಎಡದ ಎಳೆ ಮೇಲಿದ್ದರೆ ಮುಂದಿನದರಲ್ಲಿ ಬಲದ್ದು. ಹೀಗೆ ಸರದಿ ತಪ್ಪದಿದ್ದರೆ ಸುತ್ತು ಎರಡೂ ಕಡೆಗೆ ಸಮನಾಗಿ ಬಿಗಿಯುತ್ತದೆ. ದಾರದ ಕೆಳಗೆ ಮೆನುಕಿ ಎಂಬ ಪುಟ್ಟ ಲೋಹದ ಅಲಂಕಾರ. ಕೊನೆಗೆ ಇಡೀ ಹಿಡಿಯನ್ನು ಅಲಗಿಗೆ ಸೇರಿಸಿ ಹಿಡಿಯುವುದು ಮೆಕುಗಿ, ಬೆರಳಿಗಿಂತ ಸಣ್ಣದಾದ ಒಂದು ಬಿದಿರಿನ ಗೂಟ. ಅದನ್ನು ತಟ್ಟಿ ಹೊರಗೆ ದೂಡಿದರೆ ಕತ್ತಿ ಬಿಡಿಬಿಡಿಯಾಗುತ್ತದೆ.

ಈ ಬಿದಿರಿನ ಗೂಟದಿಂದ ಆದ ಉಪಕಾರ ದೊಡ್ಡದು. ಕಮ್ಮಾರ ತನ್ನ ಹೆಸರನ್ನು ಕೊರೆಯುತ್ತಿದ್ದದ್ದು ಹಿಡಿಯೊಳಗೆ ಅಡಗುವ ಬಾಲದ ಮೇಲೆ. ಆ ಭಾಗದ ತುಕ್ಕನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ. ತುಕ್ಕಿನ ಬಣ್ಣ ನೋಡಿಯೇ ವಯಸ್ಸು ಅಂದಾಜು ಮಾಡುತ್ತಾರೆ. ಹಿಡಿ ಕಳಚುವಂತಿದ್ದ ಕಾರಣಕ್ಕೇ ಏಳೆಂಟು ಶತಮಾನಗಳ ಕಮ್ಮಾರರ ಹೆಸರುಗಳು ಇವತ್ತಿಗೂ ಓದಲು ಸಿಗುತ್ತವೆ. ನಮ್ಮ ತಲವಾರುಗಳದ್ದು ಬೇರೆ ದಾರಿ. ಹಿಡಿ ಪೂರ್ತಿ ಲೋಹದ್ದು, ಅಲಗಿನ ಬಾಲವನ್ನು ಅರಗಿನಂಥ ಅಂಟು ಸುರಿದು ಅದರೊಳಗೆ ಕೂರಿಸುತ್ತಿದ್ದರು. ಗಟ್ಟಿ, ಸರಳ, ಬಾಳಿಕೆಯದು. ಆದರೆ ಒಳಗೇನಿದೆ ಎಂದು ನೋಡಲು ಕಾಯಿಸಿ ಕೀಳಬೇಕು.

ಹಿಡಿ ಬೇರೆ, ಅಲಗು ಬೇರೆ ಎಂದಾದ ಮೇಲೆ ಹಿಡಿಯನ್ನು ತನಗೆ ಬೇಕಾದಂತೆ ಮಾಡಿಸಿಕೊಳ್ಳುವ ಪದ್ಧತಿ ಬಂತು. ಅಜ್ಜನ ಅಲಗು, ಮೊಮ್ಮಗನ ಹಿಡಿ. ತೊಕುಗಾವಾ ಆಳ್ವಿಕೆಯಲ್ಲಿ ಎದೊ ಕೋಟೆಗೆ ಕರ್ತವ್ಯಕ್ಕೆ ಹೋಗುವ ಸಮುರಾಯ್‌ಗೆ ನಿಯಮವಿತ್ತು: ಒರೆ ಕಪ್ಪು, ಸಾಮೆ ಬಿಳಿ, ದಾರ ಕಪ್ಪು. ನಮ್ಮ ಆಫೀಸಿನ ಗುರುತು ಚೀಟಿಯ ಪಟ್ಟಿಯ ಹಾಗೆ. ತನ್ನ ಅಭಿರುಚಿ ತೋರಿಸಲು ಉಳಿದ ಜಾಗ ದಾರದ ಸಂದಿನಲ್ಲಿ ಅರ್ಧ ಮುಚ್ಚಿದ ಮೆನುಕಿ ಮಾತ್ರ. ಕೋಟೆಯ ಹೊರಗೆ ಬಣ್ಣ, ಎಳೆ, ಸುತ್ತಿನ ಬಗೆ ಎಲ್ಲ ಅವರವರ ಇಷ್ಟ ಮತ್ತು ಅವರವರ ಸೀಮೆಯ ರೂಢಿ. ಚಹಾ ಗುರು ಸೆನ್ ನೊ ರಿಕ್ಯೂನ ಶಿಷ್ಯನಾಗಿದ್ದ ಹೊಸೊಕಾವಾ ತದಾಒಕಿಯ ರುಚಿಯಿಂದ ಹಿಗೊ ಸೀಮೆಯ ಶೈಲಿ ಹುಟ್ಟಿತು. ಅಲ್ಲಿ ಹಿಡಿ ಗಿಡ್ಡ, ಸುತ್ತಿಗೆ ಹೆಚ್ಚಾಗಿ ಚರ್ಮ. ಒಸಾಕಾದ ಕತ್ತಿ ಸಲಕರಣೆಗಳ ವ್ಯಾಪಾರಿ ಇನಾಬಾ ತ್ಸೂರ್ಯೂ ಎಂಬಾತ 1781ರಲ್ಲಿ ‘ಸೋಕೆನ್ ಕಿಶೋ’ ಎಂಬ ಏಳು ಸಂಪುಟಗಳ ಪುಸ್ತಕ ಅಚ್ಚು ಹಾಕಿಸಿದ. ವಿಷಯ ಅಲಗಲ್ಲ, ಅಲಗಿಗೆ ತೊಡಿಸುವ ಸಾಮಾನು ಮತ್ತು ಅದನ್ನು ಮಾಡುವವರು.

ಇಷ್ಟೆಲ್ಲ ಮಾಡಿಯೂ ದಾರ ಬಾಳುವುದಿಲ್ಲ. ಬೆವರು, ಎಣ್ಣೆ, ತಿಕ್ಕಾಟಕ್ಕೆ ಅದು ಸವೆದು ಸಡಿಲಾಗುತ್ತದೆ. ಸಡಿಲವಾದ ಹಿಡಿ ಅಪಾಯ. ಆಗ ತ್ಸುಕಾಮಾಕಿ ಮಾಡುವವನ ಬಳಿ ಒಯ್ದು ಬಿಚ್ಚಿ ಮತ್ತೆ ಸುತ್ತಿಸಬೇಕು. ಹೀಗಾಗಿ ಶತಮಾನಗಳಷ್ಟು ಹಳೆಯ ಅಲಗಿನ ಮೇಲೆ ಅಷ್ಟೇ ಹಳೆಯ ದಾರ ಸಿಗುವುದು ಅಪರೂಪ. ಸವೆಯುವ ಭಾಗವನ್ನು ಸವೆಯಲು ಬಿಟ್ಟು, ಅದನ್ನು ಮತ್ತೆ ಮತ್ತೆ ಮಾಡುವವರನ್ನು ಉಳಿಸಿಕೊಂಡರು. ಬಂದರಿನ ಚಹಾ ಅಂಗಡಿಯಲ್ಲಿ ಆ ಎಂಜಿನಿಯರ್ ಇದನ್ನೆಲ್ಲ ವಿವರಿಸುವಾಗ ನನಗೆ ಚಿಕ್ಕಪ್ಪನ ಸಂದೇಶ ನೆನಪಾಯಿತು. ಹಿತ್ತಾಳೆ ಎರಕದ ವಿಷಯ ಹೇಳಿದೆ. ಅವರು ನಕ್ಕು, ‘ನಮ್ಮ ಸೈನ್ಯವೂ ಅದನ್ನೇ ಮಾಡಿತ್ತು’ ಎಂದರು.

ಅವರು ಹೇಳಿದ್ದರ ಹಿನ್ನೆಲೆಯನ್ನು ಆಮೇಲೆ ಓದಿ ತಿಳಿದುಕೊಂಡೆ. 1876ರ ಮಾರ್ಚ್ 28ರಂದು ಮೇಜಿ ಸರ್ಕಾರ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಸೈನ್ಯ, ಪೊಲೀಸರು ಮತ್ತು ವಿಧ್ಯುಕ್ತ ಉಡುಪಿನವರಿಗಷ್ಟೇ ವಿನಾಯಿತಿ. ಒಂದೇ ಪೆಟ್ಟಿಗೆ ಕಮ್ಮಾರರು, ಸುತ್ತುವವರು, ಒರೆ ಮಾಡುವವರು ಕೆಲಸ ಕಳೆದುಕೊಂಡರು. ಸೈನ್ಯದ ಕತ್ತಿಗಳು ಯುರೋಪಿನ ಮಾದರಿಗೆ ಬದಲಾದವು. 1930ರ ದಶಕದಲ್ಲಿ ರಾಷ್ಟ್ರೀಯತೆಯ ಬಿಸಿ ಏರಿದಾಗ ಹಳೆಯ ರೂಪ ಮರಳಿತು: 1934ರ ಅಧಿಕಾರಿಗಳ ಕತ್ತಿಗೆ ಸಾಮೆ ಮತ್ತು ದಾರದ ನಿಜವಾದ ಸುತ್ತು. ತುದಿಯಲ್ಲಿ ದರ್ಜೆ ತಿಳಿಸುವ ಗೊಂಡೆ. ಕೆಳ ಅಧಿಕಾರಿಗಳಿಗೆ ಕಂದು-ನೀಲಿ, ಮೇಜರ್‌ನಿಂದ ಕರ್ನಲ್‌ವರೆಗೆ ಕಂದು-ಕೆಂಪು, ಜನರಲ್‌ಗಳದ್ದರಲ್ಲಿ ಚಿನ್ನದ ಎಳೆ. ಮರುವರ್ಷ, 1935ರಲ್ಲಿ, ಸಾರ್ಜೆಂಟ್ ದರ್ಜೆಯವರಿಗೆ ಕಾರ್ಖಾನೆಯ ಕತ್ತಿ ಬಂತು. ಅದರ ಹಿಡಿ ಲೋಹದ ಎರಕ. ದಾರದ ದಾಟುಗಳು, ವಜ್ರದ ಕಿಂಡಿಗಳು, ಸಾಮೆಯ ಕಾಳುಗಳು ಎಲ್ಲವನ್ನೂ ಅಚ್ಚಿನಲ್ಲಿ ಒತ್ತಿ, ಮೇಲೆ ಬಣ್ಣ ಬಳಿದಿದ್ದರು. ಸವೆಯುವುದಿಲ್ಲ, ಸಡಿಲಾಗುವುದಿಲ್ಲ, ಮರುಸುತ್ತು ಬೇಡ. ಯುದ್ಧದ ಕೊನೆಗೆ ಲೋಹವೂ ಸಾಲದೆ ಗೀರು ಹಾಕಿದ ಮರದ ಹಿಡಿಗೆ ಇಳಿದರು.

1945ರಲ್ಲಿ ಇದೇ ಕತ್ತಿಗಳು ಶರಣಾಗತಿಯ ಮೇಜುಗಳ ಮೇಲೆ ರಾಶಿ ಬಿದ್ದವು. ಜಪಾನೀ ಅಧಿಕಾರಿಗಳು ಕತ್ತಿಯನ್ನು ಖುದ್ದಾಗಿ ಒಪ್ಪಿಸಲೇಬೇಕು ಎಂದು ಮೌಂಟ್‌ಬ್ಯಾಟನ್ ಹಟ ಹಿಡಿದಿದ್ದ. ಯುದ್ಧಾನಂತರ ಜಪಾನನ್ನು ಹಿಡಿತದಲ್ಲಿಟ್ಟುಕೊಂಡ ಪಡೆಗಳಲ್ಲಿ ಭಾರತದ 268ನೇ ಬ್ರಿಗೇಡ್ ಇತ್ತು. ಅದರ ಮುಂದಾಳು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಮದುವೆಯಲ್ಲಿ ಗಂಡು ಸೊಂಟದ ರೇಷ್ಮೆ ಚೇಲೆಗೆ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಲ್ಲುವ, ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವ ನಾಡಿನವರು ಕತ್ತಿ ಕಿತ್ತುಕೊಂಡ ನಾಡಿನಲ್ಲಿ ಕಾವಲಿದ್ದರು. ಆ ದಿನಗಳಲ್ಲಿ ಕತ್ತಿಗಳನ್ನು ಊರೂರಿನಿಂದ ಕೂಡಿಹಾಕಿ ನಾಶಮಾಡುತ್ತಿದ್ದರು. ಜಪಾನೀ ತಜ್ಞರು ಬೇಡಿಕೊಂಡ ಮೇಲೆ ಕಲಾಮೌಲ್ಯವುಳ್ಳವಕ್ಕೆ ವಿನಾಯಿತಿ ಸಿಕ್ಕಿತು. 1948ರಲ್ಲಿ ಕತ್ತಿಕಲೆಯ ಸಂರಕ್ಷಣೆಗೆ ಒಂದು ಸಂಘ ಹುಟ್ಟಿತು. ಸುತ್ತುವವರಿಗೂ ಮತ್ತೆ ಕೆಲಸ ಬಂತು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಸೆ ದೇಗುಲದ ವಿಷಯ. ಅಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನೇ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. 690ರಲ್ಲಿ ಶುರುವಾದ ಪದ್ಧತಿ. ಅಂತಃಕಲಹದ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತು ಮತ್ತೆ ಹಿಡಿಯಿತು. ಈಚಿನದು 2013ರಲ್ಲಿ, ಮುಂದಿನದು 2033ಕ್ಕೆ. ಗುಡಿಯ ಜೊತೆಗೆ ದೇವರ ಸಾಮಾನುಗಳೂ ಹೊಸತು: 714 ಬಗೆಯ 1576 ವಸ್ತುಗಳು. ಅವುಗಳಲ್ಲೊಂದು ಸುಗಾರಿ ಎಂಬ ಕತ್ತಿ. ಅದರ ಹಿಡಿಗೆ ತೋಕಿ ಎಂಬ ಹಕ್ಕಿಯ ಎರಡು ಗರಿಗಳನ್ನು ಇಟ್ಟು ಕೆಂಪು ರೇಷ್ಮೆ ದಾರದಿಂದ ಸುತ್ತಬೇಕು. ಜಪಾನಿನ ಕಾಡಿನಲ್ಲಿ ಹುಟ್ಟಿದ ಕೊನೆಯ ತೋಕಿ 2003ರಲ್ಲಿ ಸತ್ತಿತು. ಚೀನಾದಿಂದ ಬಂದ ಹಕ್ಕಿಗಳಿಂದ ಸಂತತಿ ಬೆಳೆಸಿ, 2008ರಿಂದ ಸಾದೊ ದ್ವೀಪದಲ್ಲಿ ಮತ್ತೆ ಹಾರಲು ಬಿಟ್ಟಿದ್ದಾರೆ. ಹಿಡಿಯನ್ನು ಒಮ್ಮೆ ಲೋಹದಲ್ಲಿ ಎರಕ ಹಾಕಿಸಿದ್ದರೆ ಗರಿ ಬೇಕಿರಲಿಲ್ಲ, ದಾರ ಬೇಕಿರಲಿಲ್ಲ, ಸುತ್ತಲು ಬಲ್ಲವರೂ ಬೇಕಿರಲಿಲ್ಲ.

ಕೇರಳದ ಕತ್ತಿಯ ಕತೆ ಇದಕ್ಕೆ ಹತ್ತಿರದ್ದೂ ಹೌದು, ಬೇರೆಯದೂ ಹೌದು. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಗುಮಾಸ್ತ ದುವಾರ್ತೆ ಬಾರ್ಬೊಸಾ ಮಲಬಾರಿನ ನಾಯರ್ ಹುಡುಗರು ಏಳನೇ ವಯಸ್ಸಿಗೆ ಆಯುಧ ಶಾಲೆಗೆ ಸೇರುವುದನ್ನು ವರ್ಣಿಸಿದ್ದಾನೆ. ತಿರುವನಂತಪುರದಲ್ಲಿ 1750ರಲ್ಲಿ ಮಾರ್ತಾಂಡವರ್ಮ ತನ್ನ ರಾಜ್ಯವನ್ನೂ ಕತ್ತಿಯನ್ನೂ ಪದ್ಮನಾಭನಿಗೆ ಅರ್ಪಿಸಿ, ಅದನ್ನೇ ಮರಳಿ ಪಡೆದು ದಾಸನಾಗಿ ಆಳಿದ. ಇವತ್ತಿಗೂ ವರ್ಷಕ್ಕೆರಡು ಬಾರಿ ಆರಾಟ್ಟಿನ ದಿನ ಆ ಮನೆತನದ ಹಿರಿಯರು ಕತ್ತಿ ಹಿಡಿದು ಶಂಖುಮುಖದ ಕಡಲಿಗೆ ನಡೆಯುತ್ತಾರೆ. ಮೆರವಣಿಗೆ ದಾಟಲು ವಿಮಾನ ನಿಲ್ದಾಣದ ರನ್‌ವೇಯನ್ನೇ ಕೆಲಹೊತ್ತು ಮುಚ್ಚುತ್ತಾರೆ. ಆದರೆ ಸಾಮಾನ್ಯರ ಕೈಯ ಕತ್ತಿ ಉಳಿಯಲಿಲ್ಲ. 1854ರಲ್ಲಿ ಬ್ರಿಟಿಷರು ಮಲಬಾರಿನಲ್ಲಿ ಯುದ್ಧಗತ್ತಿಗಳನ್ನು ನಿಷೇಧಿಸಿದರು. 1878ರ ಆಯುಧ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಬಂತು. ಜಪಾನಿನ ನಿಷೇಧಕ್ಕೂ ಇದಕ್ಕೂ ಎರಡೇ ವರ್ಷದ ಅಂತರ. ಕಳರಿ 20ನೇ ಶತಮಾನದಲ್ಲಿ ಕೋಟ್ಟಯ್ಕಲ್ ಕಣಾರನ್ ಗುರುಕ್ಕಳ್ ಮತ್ತು ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರ್ ಅವರಂಥವರಿಂದ ಚೇತರಿಸಿಕೊಂಡಿತು. ತಿರುವನಂತಪುರದ ಸಿವಿಎನ್ ಕಳರಿ 1956ರದ್ದು. ವಿದ್ಯೆ ಮರಳಿತು, ಆಯುಧದ ಸುತ್ತ ಇದ್ದ ಕಸುಬುಗಳು ಅಷ್ಟಾಗಿ ಮರಳಲಿಲ್ಲ. ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲಿ ಕೊಚ್ಚಿ ಅರಸರ ಆಯುಧಗಳ ಮುಂದೆ ನಿಂತಾಗ ನಾವು ನೋಡುವುದು ಅಲಗನ್ನು. ಹಿಡಿಗೆ ಏನು ಸುತ್ತಿದ್ದರು, ಯಾರು ಸುತ್ತಿದರು ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಆ ಅಭ್ಯಾಸ ಇರುವ ಒಂದು ಜಾಗ ಅಕಸ್ಮಾತ್ ಕಣ್ಣಿಗೆ ಬಿತ್ತು. ತಿರುವನಂತಪುರಕ್ಕೆ ಕೆಲಸದ ಮೇಲೆ ಹೋದಾಗ ಸಹೋದ್ಯೋಗಿಯೊಬ್ಬರ ಮಗ ಕಲಿಯುವ ಕಳರಿಗೆ ಹೋಗಿದ್ದೆ. ಅಭ್ಯಾಸ ಮುಗಿದ ಮೇಲೆ ಹುಡುಗನೊಬ್ಬ ಮೂಲೆಯಲ್ಲಿ ಕೂತು ಕತ್ತಿಯ ಹಿಡಿಗೆ ಹಳೆಯ ಮುಂಡಿನ ಅಂಚನ್ನು ಸುತ್ತುತ್ತಿದ್ದ. ಬೆವರಿಗೆ ಜಾರುತ್ತದೆ, ತಿಂಗಳಿಗೊಮ್ಮೆ ಬದಲಿಸಬೇಕು ಎಂದ. ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ, ‘ಇದನ್ನು ಕಲಿಸುವುದೇನು?’ ಎಂದು ನನ್ನನ್ನೇ ನೋಡಿದ.

ಆ ರಾತ್ರಿ ರೈಲಿನಲ್ಲಿ ಗುಂಪಿಗೆ ಬರೆದೆ: ಎರಕ ಬೇಡ, ನಾವೇ ಸುತ್ತೋಣ. ಉತ್ತರಗಳು ಸುಲಭವಾಗಿರಲಿಲ್ಲ. ಅದು ಮಡಿವಾಳರ ಹಕ್ಕು, ನಾವು ಕೈಹಾಕಬಹುದೇ ಎಂದು ಒಬ್ಬರು. ಹಕ್ಕೆನ್ನುತ್ತೀರಿ, ತಲೆತಲಾಂತರ ಕರೆದಾಗಲೆಲ್ಲ ಬಂದು ಹೊರಗೆ ನಿಂತವರಿಗೆ ಅದು ಹೊರೆಯೂ ಆಗಿತ್ತಲ್ಲ ಎಂದು ಅಕ್ಕ. ಅಕ್ಕನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಮಂಗಳೂರಿನಲ್ಲಿರುವ ಮಗನಿಗೆ ನಾನೇ ಫೋನ್ ಮಾಡಿದೆ. ಬರಬೇಕೆಂದು ಕೇಳಲಿಲ್ಲ, ನಾವು ಸುತ್ತಿದರೆ ಅಡ್ಡಿಯಿದೆಯೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಬುಡದಿಂದ ಶುರು ಮಾಡುತ್ತಿರಲಿಲ್ಲ, ಅಲಗಿನ ಕಡೆಯಿಂದ’ ಎಂದ. ಮರುದಿನ ಒಂದು ವಿಡಿಯೋ ಕಳಿಸಿದ. ಮನೆಯ ಕತ್ತಿಯೊಂದಕ್ಕೆ ಟವೆಲಿನ ಚೂರು ಸುತ್ತಿ ತೋರಿಸಿದ್ದ. ಕೊನೆಯ ಗಂಟು ಎರಡು ಬಾರಿ ನೋಡಿದರೂ ನನಗೆ ಅರ್ಥವಾಗಲಿಲ್ಲ.

ಈ ಸಲದ ನೇಮಕ್ಕೆ ಒಂದು ಕಡ್ಸಲೆಗೆ ನಾನು ಸುತ್ತಿದೆ, ಇನ್ನೊಂದಕ್ಕೆ ಅಕ್ಕನ ಮಗಳು. ಅವಳದ್ದು ಬೆಳಗಿನವರೆಗೂ ಬಿಗಿಯಾಗಿತ್ತು. ನನ್ನದು ನಡುರಾತ್ರಿಗೇ ಸಡಿಲಾಗಿ, ಪಾತ್ರಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ದರ್ಶನ ಮುಗಿಸಿದರು. ಮಂಗಳೂರಿನಿಂದ ಅವನೂ ಬಂದಿದ್ದ, ಕೆಲಸಕ್ಕಲ್ಲ, ಊಟಕ್ಕೆ. ನನ್ನ ಗಂಟನ್ನು ನೋಡಿ ಏನೂ ಅನ್ನದೆ ಬಿಚ್ಚಿ ತೋರಿಸಿದ. ಈಗ ಸ್ವಲ್ಪ ಗೊತ್ತಾಗಿದೆ. ಮುಂದಿನ ವರ್ಷ ಮತ್ತೆ ಸುತ್ತಬೇಕು.